ತಿಂಗಳ ನಿರುದ್ಯೋಗ ದರ ಮತ್ತು ನಮ್ಮ ಕರ್ನಾಟಕ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ತಿಂಗಳ 15ರ ಆಸುಪಾಸಿನಲ್ಲಿ ಪತ್ರಿಕೆಯ ಒಳಪುಟದಲ್ಲಿ ಒಂದು ಸುದ್ದಿ ಬರುತ್ತದೆ: ನಿರುದ್ಯೋಗ ದರ ಇಷ್ಟು ಏರಿತು, ಇಲ್ಲವೇ ಇಷ್ಟು ಇಳಿಯಿತು. ಕೆಲವು ವರ್ಷ ಮನೆಮನೆ ಸುತ್ತಿ ಸಮೀಕ್ಷೆಯ ಕೆಲಸ ಮಾಡಿದವನು ನಾನು. ಹಾಗಾಗಿ ಆ ಸುದ್ದಿ ಬಂದ ದಿನ ಕಾಲೇಜು ಮೇಷ್ಟ್ರುಗಳು, ಪಂಚಾಯ್ತಿ ಸದಸ್ಯರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಫೋನ್ ಮಾಡುತ್ತಾರೆ. ಅವರು ಮತ್ತೆ ಮತ್ತೆ ಕೇಳಿದ್ದನ್ನು, ನನಗೆ ಗೊತ್ತಿರುವ ಉತ್ತರದ ಜತೆ ಇಲ್ಲಿ ಬರೆದಿಟ್ಟಿದ್ದೇನೆ.

ಈ ತಿಂಗಳ ಅಂಕಿ ಎಲ್ಲಿಂದ ಬರುತ್ತದೆ?

ಕೇಂದ್ರದ ಸಾಂಖ್ಯಿಕ ಸಚಿವಾಲಯದ ಅಡಿಯಲ್ಲಿರುವ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ನಡೆಸುವ ಕಾರ್ಮಿಕ ಬಲ ಸಮೀಕ್ಷೆಯಿಂದ. ಪತ್ರಿಕೆಗಳು ಇದನ್ನು ಪಿಎಲ್‌ಎಫ್‌ಎಸ್ ಎಂದೇ ಬರೆಯುತ್ತವೆ. 2017ರ ಏಪ್ರಿಲ್‌ನಲ್ಲಿ ಶುರುವಾಯಿತು. ಅದಕ್ಕೆ ಮೊದಲು ಸುಮಾರು ಐದು ವರ್ಷಕ್ಕೊಮ್ಮೆ ಮಾತ್ರ ಇಂಥ ದೊಡ್ಡ ಲೆಕ್ಕ ಸಿಗುತ್ತಿತ್ತು. 2011-12ರ ಸುತ್ತು ಮುಗಿದ ಮೇಲೆ 2017-18ರ ತನಕ ಉದ್ಯೋಗದ ಬಗ್ಗೆ ಈ ಕಚೇರಿಯ ಸಮೀಕ್ಷೆಯ ಅಂಕಿಯೇ ನಮ್ಮ ಕೈಲಿರಲಿಲ್ಲ.

2025ರ ಜನವರಿಯಿಂದ ಸಮೀಕ್ಷೆಯ ವಿನ್ಯಾಸ ಬದಲಾಯಿತು. ಹಳ್ಳಿ ಮತ್ತು ನಗರದ ಬ್ಲಾಕುಗಳು ಸೇರಿ 22,692 ಜಾಗಗಳು, ಒಂದೊಂದರಲ್ಲಿ 12 ಮನೆ, ಒಟ್ಟು 2,72,304 ಮನೆಗಳು. ಆಯ್ಕೆಯಾದ ಮನೆಗೆ ಬೆನ್ನುಬೆನ್ನಿಗೆ ನಾಲ್ಕು ತಿಂಗಳು ಹೋಗುತ್ತಾರೆ. ಇದರಿಂದಾಗಿ ತಿಂಗಳ ಅಂಕಿ ಕೊಡಲು ಸಾಧ್ಯವಾಯಿತು. ಮೊದಲ ಮಾಸಿಕ ವರದಿ 2025ರ ಏಪ್ರಿಲ್ ತಿಂಗಳದು. ಅದು ಪ್ರಕಟವಾದದ್ದು ಮೇ 15ರಂದು. 15 ವರ್ಷ ದಾಟಿದವರಲ್ಲಿ ನಿರುದ್ಯೋಗ ದರ ಶೇ 5.1 ಎಂದು ಅದರಲ್ಲಿತ್ತು.

ಹಾಗಾದರೆ ಕರ್ನಾಟಕದ ತಿಂಗಳ ನಿರುದ್ಯೋಗ ದರ ಎಷ್ಟು?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ ಕೇಳಿದವರಿಗೆ ನಿರಾಸೆಯಾಗುತ್ತದೆ. ಪಿಎಲ್‌ಎಫ್‌ಎಸ್‌ನ ಮಾಸಿಕ ಅಂಕಿ ಇಡೀ ದೇಶಕ್ಕೆ ಸಂಬಂಧಿಸಿದ್ದು. ರಾಜ್ಯಕ್ಕೆ ಬೇಕೆಂದರೆ ಮೂರು ತಿಂಗಳಿಗೊಮ್ಮೆ ಬರುವ ವರದಿಯನ್ನೂ ವಾರ್ಷಿಕ ವರದಿಯನ್ನೂ ನೋಡಬೇಕು. ವಾರ್ಷಿಕ ಲೆಕ್ಕದಲ್ಲಿ ಕರ್ನಾಟಕದ ನಿರುದ್ಯೋಗ ದರ 2017-18ರಲ್ಲಿ ಶೇ 4.8 ಇತ್ತು, 2022-23ರಲ್ಲಿ ಶೇ 2.4, 2023-24ರಲ್ಲಿ ಶೇ 2.7. ಅದೇ 2023-24ರಲ್ಲಿ ದೇಶದ್ದು ಶೇ 3.2.

ತಿಂಗಳ ಅಂಕಿಯನ್ನು ರಾಜ್ಯಕ್ಕೆ ಏಕೆ ಕೊಡುವುದಿಲ್ಲ? ಕಾರಣ ಸರಳ. ದೇಶದ ಮನೆಗಳನ್ನು ತಿಂಗಳುಗಳಿಗೂ ರಾಜ್ಯಗಳಿಗೂ ಹಂಚಿದರೆ ಒಂದು ತಿಂಗಳಲ್ಲಿ ಒಂದು ರಾಜ್ಯದ ಪಾಲಿಗೆ ಬರುವ ಮನೆಗಳು ಕಡಿಮೆ. ಆ ಮನೆಗಳಲ್ಲಿ ನಿರುದ್ಯೋಗಿ ಎಂದು ಗುರುತಾಗುವವರು ಇನ್ನೂ ಕಡಿಮೆ. ಹತ್ತಿಪ್ಪತ್ತು ಜನರ ಉತ್ತರ ಆಚೀಚೆ ಆದರೂ ದರ ಏರಿದ ಹಾಗೆಯೋ ಇಳಿದ ಹಾಗೆಯೋ ಕಾಣುತ್ತದೆ. ಹೊಸ ವಿನ್ಯಾಸದಲ್ಲಿ ಜಿಲ್ಲೆಯನ್ನು ಮೂಲ ಘಟಕವಾಗಿ ಇಟ್ಟುಕೊಂಡಿದ್ದಾರೆ. ಅದು ಒಳ್ಳೆಯ ಹೆಜ್ಜೆ. ಆದರೆ ಯಾದಗಿರಿಗೆ ಈ ತಿಂಗಳ ದರ, ಉಡುಪಿಗೆ ಈ ತಿಂಗಳ ದರ ಎಂದು ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ, ಅದು ಎಲ್ಲಿಂದ ಬಂತು ಎಂದು ಮೊದಲು ಕೇಳಿ.

ಯಾರನ್ನು ನಿರುದ್ಯೋಗಿ ಎಂದು ಬರೆದುಕೊಳ್ಳುತ್ತಾರೆ?

ಕೆಲಸ ಇರಬಾರದು, ಜತೆಗೆ ಕೆಲಸ ಹುಡುಕುತ್ತಿರಬೇಕು ಅಥವಾ ಸಿಕ್ಕರೆ ಮಾಡಲು ಸಿದ್ಧರಿರಬೇಕು. ಎರಡೂ ಇದ್ದರೆ ಮಾತ್ರ ನಿರುದ್ಯೋಗಿ. ಓದುತ್ತಿರುವ ವಿದ್ಯಾರ್ಥಿ, ಮನೆವಾರ್ತೆ ನೋಡಿಕೊಳ್ಳುವ ಗೃಹಿಣಿ, ಹಾಸಿಗೆ ಹಿಡಿದ ಅಜ್ಜ ಈ ಲೆಕ್ಕದಲ್ಲಿ ನಿರುದ್ಯೋಗಿಗಳಲ್ಲ. ಅವರು ದುಡಿಮೆಯ ಪಡೆಯ, ಅಂದರೆ ದುಡಿಯುವವರೂ ಕೆಲಸ ಹುಡುಕುವವರೂ ಸೇರಿದ ಗುಂಪಿನ, ಹೊರಗಿದ್ದಾರೆ. ಹುಡುಕಿ ಹುಡುಕಿ ಸಾಕಾಗಿ ಕೈಚೆಲ್ಲಿ, ಸಿಕ್ಕರೂ ಬೇಡ ಎಂದು ಕೂತವರೂ ಹೊರಗೇ.

ವಾರದಲ್ಲಿ ಒಂದು ಗಂಟೆ ದುಡಿದರೂ ಉದ್ಯೋಗಸ್ಥರೇ? ಇದು ನಿಜವೇ?

ನಿಜ. ತಿಂಗಳ ಅಂಕಿಗೆ ಬಳಸುವ ವಾರದ ಲೆಕ್ಕದಲ್ಲಿ, ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ಕೆಲಸ ಮಾಡಿದ್ದರೂ ಆ ವ್ಯಕ್ತಿ ಕೆಲಸದಲ್ಲಿ ಇದ್ದಂತೆ. ಜಗತ್ತಿನ ಬೇರೆ ದೇಶಗಳೂ ಒಂದು ಗಂಟೆಯ ಈ ಅಳತೆಯನ್ನು ಬಳಸುತ್ತವೆ. ಆದರೆ ತಿಂಗಳ ಸಂಬಳದ ನೌಕರಿಯೇ ಹೆಚ್ಚಾಗಿರುವ ದೇಶದಲ್ಲಿ ಅದಕ್ಕೊಂದು ಅರ್ಥ, ದಿನಗೂಲಿಯ ನಾಡಿನಲ್ಲಿ ಇನ್ನೊಂದು ಅರ್ಥ.

ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಬೆಳಗ್ಗೆ ಏಳೂವರೆಗೆ ಯಾವುದಾದರೂ ಕೂಲಿ ಅಡ್ಡೆಗೆ ಹೋಗಿ ನಿಂತು ನೋಡಿ. ಕರಣೆ, ಸಲಿಕೆ, ಬಣ್ಣದ ಬ್ರಶ್ಶು, ಬಟ್ಟೆಯಲ್ಲಿ ಸುತ್ತಿದ ಬುತ್ತಿ. ಒಂದು ಗೂಡ್ಸ್ ಆಟೊ ಬಂದು ನಿಂತರೆ ಇಪ್ಪತ್ತು ಜನ ಮುತ್ತುತ್ತಾರೆ, ಮೇಸ್ತ್ರಿ ನಾಲ್ವರನ್ನು ಹತ್ತಿಸಿಕೊಳ್ಳುತ್ತಾನೆ. ಹತ್ತು ಗಂಟೆಗೆ ಉಳಿದವರು ಬುತ್ತಿಯನ್ನು ಅಲ್ಲೇ ಗಿಡದ ನೆರಳಲ್ಲಿ ಬಿಚ್ಚಿ ಉಂಡು ಮನೆಯ ದಾರಿ ಹಿಡಿಯುತ್ತಾರೆ. ಅಂಥ ಒಬ್ಬರಿಗೆ ಸೋಮವಾರ ಮತ್ತು ಗುರುವಾರ ಮಾತ್ರ ಕೆಲಸ ಸಿಕ್ಕಿತು ಎಂದಿಟ್ಟುಕೊಳ್ಳಿ. ತಿಂಗಳ ವರದಿಯಲ್ಲಿ ಅವರು ಉದ್ಯೋಗದಲ್ಲಿದ್ದಾರೆ. ಖಾಲಿ ಕೈಲಿ ಹೋದ ಉಳಿದ ದಿನಗಳು ನಿರುದ್ಯೋಗ ದರದಲ್ಲಿ ಎಲ್ಲೂ ಕಾಣುವುದಿಲ್ಲ. ದಿನದ ಲೆಕ್ಕ ಎಂಬ ಇನ್ನೊಂದು ಪದ್ಧತಿ ಇದೆ, ಅದರಲ್ಲಿ ಅರ್ಧ ದಿನವನ್ನೂ ಎಣಿಸುತ್ತಾರೆ. ದಿನಗೂಲಿಯವರ ಬದುಕಿಗೆ ಆ ಲೆಕ್ಕವೇ ಹತ್ತಿರ ಎಂಬುದು ನನ್ನ ಅನುಭವದ ಮಾತು.

ಒಂದೇ ಸಮೀಕ್ಷೆ ಒಮ್ಮೆ ಶೇ 3.2 ಎನ್ನುತ್ತದೆ, ಇನ್ನೊಮ್ಮೆ ಶೇ 5.1 ಎನ್ನುತ್ತದೆ. ಯಾವುದು ಸರಿ?

ಎರಡೂ ಸರಿ, ಕೇಳಿದ ಪ್ರಶ್ನೆ ಬೇರೆ. ವಾರ್ಷಿಕ ವರದಿಯ ಸುದ್ದಿಯಲ್ಲಿ ಬರುವುದು ಹಿಂದಿನ 365 ದಿನಗಳ ಲೆಕ್ಕ. ವರ್ಷದಲ್ಲಿ 30 ದಿನ ಉಪಕಸುಬು ಮಾಡಿದ್ದರೂ ಅದರಲ್ಲಿ ಉದ್ಯೋಗಸ್ಥರೇ. ತಿಂಗಳ ಅಂಕಿ ಕಳೆದ ಏಳು ದಿನದ್ದು. ಸುಗ್ಗಿಯಲ್ಲಿ ಎರಡು ತಿಂಗಳು ದುಡಿದು ಮೇ ತಿಂಗಳಲ್ಲಿ ಕೆಲಸ ಹುಡುಕುತ್ತಾ ಕುಳಿತವರು ವರ್ಷದ ಲೆಕ್ಕದಲ್ಲಿ ಉದ್ಯೋಗಸ್ಥರು, ಮೇ ತಿಂಗಳ ಲೆಕ್ಕದಲ್ಲಿ ನಿರುದ್ಯೋಗಿಗಳು. ಆದ್ದರಿಂದ ವರ್ಷದ ಅಂಕಿಯ ಪಕ್ಕದಲ್ಲಿ ತಿಂಗಳ ಅಂಕಿ ಇಟ್ಟು ‘ನಿರುದ್ಯೋಗ ದಿಢೀರ್ ಏರಿಕೆ’ ಎಂದು ಬರೆಯುವುದು ತಪ್ಪು.

ನಿರುದ್ಯೋಗ ದರ ಇಳಿದರೆ ಕೆಲಸ ಹೆಚ್ಚಾಯಿತು ಎಂದಲ್ಲವೇ?

ಯಾವಾಗಲೂ ಅಲ್ಲ. ಒಂದು ಊರು ಕಲ್ಪಿಸಿಕೊಳ್ಳಿ. 15 ದಾಟಿದವರು 200 ಜನ. ಮೊದಲ ತಿಂಗಳು 104 ಜನ ದುಡಿಯುತ್ತಿದ್ದಾರೆ, 6 ಜನ ಹುಡುಕುತ್ತಿದ್ದಾರೆ. ದುಡಿಮೆಯ ಪಡೆ 110, ನಿರುದ್ಯೋಗ ದರ ಶೇ 5.5. ಮುಂದಿನ ತಿಂಗಳು ನಾಲ್ವರ ಕೆಲಸ ಹೋಯಿತು. ಈಗ ಕೆಲಸವಿಲ್ಲದವರು ಹತ್ತು ಜನ. ಅವರಲ್ಲಿ ಐವರು ಬೇಸತ್ತು ಹುಡುಕುವುದನ್ನೇ ಬಿಟ್ಟರು. ದುಡಿಯುವವರು 100, ಹುಡುಕುವವರು 5, ಪಡೆ 105. ನಿರುದ್ಯೋಗ ದರ ಶೇ 4.8! ಊರಿನಲ್ಲಿ ಕೆಲಸ ಕಡಿಮೆಯಾಗಿದೆ, ದರವೂ ಇಳಿದಿದೆ.

ಆದ್ದರಿಂದ ಮೂರು ಅಂಕಿಗಳನ್ನು ಒಟ್ಟಿಗೆ ಓದಬೇಕು. ದುಡಿಮೆಯ ಪಡೆಯಲ್ಲಿ ಇರುವವರು ನೂರಕ್ಕೆ ಎಷ್ಟು, ನಿಜಕ್ಕೂ ದುಡಿಯುತ್ತಿರುವವರು ನೂರಕ್ಕೆ ಎಷ್ಟು, ಪಡೆಯೊಳಗೆ ಕೆಲಸವಿಲ್ಲದವರು ನೂರಕ್ಕೆ ಎಷ್ಟು. 2025ರ ಮೇ ಮತ್ತು ಜೂನ್ ಇದಕ್ಕೆ ಒಳ್ಳೆಯ ಉದಾಹರಣೆ. ಎರಡೂ ತಿಂಗಳು ನಿರುದ್ಯೋಗ ದರ ಶೇ 5.6. ‘ಯಥಾಸ್ಥಿತಿ’ ಎಂದು ಸುದ್ದಿಯಾಯಿತು. ಆದರೆ ಪಡೆಯ ಪಾಲು ಶೇ 54.8ರಿಂದ ಶೇ 54.2ಕ್ಕೆ, ದುಡಿಯುತ್ತಿದ್ದವರ ಪಾಲು ಶೇ 51.7ರಿಂದ ಶೇ 51.2ಕ್ಕೆ ಇಳಿದಿತ್ತು. ಒಂದೇ ಅಂಕಿ ನೋಡಬೇಕು ಎಂದು ಯಾರಾದರೂ ಹಟ ಹಿಡಿದರೆ ನಾನು ತೋರಿಸುವುದು ಈ ಮೂರರಲ್ಲಿ ನಡುವಿನದನ್ನು, ದುಡಿಯುತ್ತಿರುವವರ ಪಾಲನ್ನು.

ಕೇರಳದ ನಿರುದ್ಯೋಗ ನಮಗಿಂತ ಹೆಚ್ಚು. ಅಂದರೆ ನಾವು ಮುಂದಿದ್ದೇವೆಯೇ?

2023-24ರಲ್ಲಿ ಕೇರಳದ್ದು ಶೇ 7.2, ಬಿಹಾರದ್ದು ಶೇ 3.0, ನಮ್ಮದು ಶೇ 2.7. ಬಿಹಾರ ಕೇರಳಕ್ಕಿಂತ ಮುಂದಿದೆ ಎಂದು ಯಾರೂ ಹೇಳಲಾರರು. ಸರಿಯಾದ ಕೆಲಸ ಸಿಗುವ ತನಕ ಕಾಯುತ್ತೇನೆ ಎನ್ನಲು ಮನೆಯಲ್ಲಿ ಅಷ್ಟು ಅನುಕೂಲ ಇರಬೇಕು. ಒಲೆ ಉರಿಯಲು ಇವತ್ತಿನ ಕೂಲಿಯೇ ಬೇಕಾದ ಮನೆಯಲ್ಲಿ ಯಾರೂ ನಿರುದ್ಯೋಗಿಯಾಗಿ ಕುಳಿತಿರಲು ಆಗುವುದಿಲ್ಲ, ಸಿಕ್ಕಿದ್ದನ್ನು ಮಾಡುತ್ತಾರೆ. 2023-24ರಲ್ಲಿ ದೇಶದ ದುಡಿಯುವವರಲ್ಲಿ ಶೇ 58.4ರಷ್ಟು ಜನ ಸ್ವಂತ ಕಸುಬಿನವರು, ತಿಂಗಳ ಸಂಬಳದವರು ಶೇ 21.7 ಮಾತ್ರ. ಸ್ವಂತ ಕಸುಬು ಎಂಬ ಮಾತಿನೊಳಗೆ ಅಂಗಡಿ ಮಾಲೀಕರೂ ಇದ್ದಾರೆ, ಸಂತೆಯಲ್ಲಿ ನಾಲ್ಕು ಕಟ್ಟು ಸೊಪ್ಪು ಇಟ್ಟುಕೊಂಡು ಕುಳಿತ ಅಜ್ಜಿಯೂ ಇದ್ದಾಳೆ.

ಹೆಂಗಸರ ದುಡಿಮೆ ಈ ಲೆಕ್ಕದಲ್ಲಿ ಸರಿಯಾಗಿ ಬರುತ್ತದೆಯೇ?

ಕೇಳುವವರ ಮೇಲೆ ಹೋಗುತ್ತದೆ. ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಮನೆಯ ಯಜಮಾನರು ಕಟ್ಟೆಯ ಮೇಲೆ ಕುಳಿತು ಎಲ್ಲರ ಕೆಲಸ ಹೇಳುತ್ತಿದ್ದರು. ಹೆಂಡತಿಯ ಸರದಿ ಬಂತು. ‘ಆಕಿ ಏನೂ ಮಾಡಂಗಿಲ್ರಿ, ಮನ್ಯಾಗ ಇರ್ತಾಳ’ ಎಂದರು. ಮನೆಗೆಲಸ ಎಂಬುದಕ್ಕೆ 92 ಎಂಬ ಸಂಕೇತ ಇದೆ, ಅದನ್ನು ಒತ್ತಿ ಮುಂದಕ್ಕೆ ಹೋಗಬಹುದಿತ್ತು. ಆದರೆ ಆಯಮ್ಮ ನಮ್ಮ ಎದುರಿಗೇ ಪಡಸಾಲೆಯಲ್ಲಿ ಕುಳಿತು ಬಳ್ಳಿಯಿಂದ ಶೇಂಗಾ ಬಿಡಿಸುತ್ತಿದ್ದರು. ಉಗುರಿನ ಸಂದಿಯಲ್ಲೆಲ್ಲ ಕೆಮ್ಮಣ್ಣು.

‘ಅವ್ವಾರ, ಈ ಶೇಂಗಾ ಯಾರದು?’

‘ನಮ್ಮ ಹೊಲದ್ದೇರಿ.’

‘ಎಷ್ಟು ದಿನ ಆತು ಬಿಡಸಾಕ ಹತ್ತಿ?’

‘ನಾಕ್ ದಿನ ಆತ್ರಿ. ಇನ್ನ ಎಲ್ಡ್ ದಿನ ಐತಿ.’

ಬೆಳಗ್ಗೆ ಎಷ್ಟೊತ್ತಿಗೆ ಕೂಡುತ್ತೀರಿ, ಎಮ್ಮೆ ಯಾರು ನೋಡುತ್ತಾರೆ, ಡೇರಿಗೆ ಹಾಲು ಯಾರು ಹಾಕುತ್ತಾರೆ ಎಂದು ಇನ್ನು ನಾಲ್ಕು ಮಾತು ಕೇಳಿದ ಮೇಲೆ 92 ಹೋಗಿ 21 ಆಯಿತು. 21 ಎಂದರೆ ಕುಟುಂಬದ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿಯುವವರು. ಹೀಗೆ ಎರಡು ನಿಮಿಷದ ವಿಚಾರಣೆಯಲ್ಲಿ ಒಬ್ಬ ಹೆಂಗಸು ದುಡಿಮೆಯ ಪಡೆಯ ಒಳಗೆ ಬರುತ್ತಾಳೆ ಇಲ್ಲವೇ ಹೊರಗೇ ಉಳಿಯುತ್ತಾಳೆ. ದಕ್ಷಿಣ ಕನ್ನಡದಲ್ಲಿ ಮಧ್ಯಾಹ್ನದ ಅಡುಗೆ ಮುಗಿಸಿ ಮೊರದ ಮುಂದೆ ಕುಳಿತು ಬೀಡಿ ಕಟ್ಟುವವರ ಕತೆಯೂ ಇದೇ. ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು ದುಡ್ಡು ತರುವವರೂ ‘ನನಗೆ ಕೆಲಸ ಇಲ್ಲ’ ಎನ್ನುವುದನ್ನು ಕೇಳಿದ್ದೇನೆ.

ದೇಶದ ಹೆಂಗಸರಲ್ಲಿ ದುಡಿಮೆಯ ಪಡೆಯಲ್ಲಿರುವವರ ಪಾಲು 2017-18ರ ಶೇ 23.3ರಿಂದ 2023-24ರ ಹೊತ್ತಿಗೆ ಶೇ 41.7ಕ್ಕೆ ಏರಿತು. ಇದು ವರ್ಷದ ಲೆಕ್ಕ. ವಾರದ ಲೆಕ್ಕದಲ್ಲಿ 2025ರ ಏಪ್ರಿಲ್‌ನಲ್ಲಿ ಶೇ 34.2 ಇತ್ತು. ಈ ಏರಿಕೆಯಲ್ಲಿ ಹೊಸದಾಗಿ ಸಿಕ್ಕ ಸಂಬಳದ ಕೆಲಸ ಎಷ್ಟು, ಹೊಲಮನೆಯ ಸಂಬಳವಿಲ್ಲದ ದುಡಿಮೆ ಎಷ್ಟು ಎಂದು ಬಿಡಿಸಿ ನೋಡದೆ ಸಂಭ್ರಮಪಡಬಾರದು ಎಂದು ನಾನು ಹೇಳುತ್ತಲೇ ಬಂದಿದ್ದೇನೆ. ಇನ್ನು ಅಡುಗೆ, ಪಾತ್ರೆ, ಮಕ್ಕಳು, ಮುದುಕರು ಈ ಕೆಲಸಗಳು ಉದ್ಯೋಗದ ಲೆಕ್ಕಕ್ಕೆ ಬರುವುದೇ ಇಲ್ಲ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ 15ರಿಂದ 59 ವಯಸ್ಸಿನ ಹೆಂಗಸರು ದಿನಕ್ಕೆ 305 ನಿಮಿಷ ಅಡುಗೆ, ಪಾತ್ರೆಯಂಥ ಸಂಬಳವಿಲ್ಲದ ಮನೆಗೆಲಸದಲ್ಲೇ ಕಳೆಯುತ್ತಾರೆ ಎಂದು ಗೊತ್ತಾಯಿತು. ಐದು ತಾಸಿಗೂ ಹೆಚ್ಚು.

ತಿಂಗಳಿಂದ ತಿಂಗಳಿಗೆ ಇಷ್ಟು ಏರುಪೇರು ಏಕೆ?

ಮಳೆ, ಬೆಳೆ, ಹಬ್ಬ, ಪರೀಕ್ಷೆ. ನಮ್ಮಲ್ಲಿ ಕೆಲಸಕ್ಕೂ ಪಂಚಾಂಗ ಇದೆ, ಅದು ಜಿಲ್ಲೆಗೊಂದು ಥರ.

ಜೂನ್‌ನಲ್ಲಿ ಮುಂಗಾರು ಹಿಡಿದರೆ ಬೀದರ್, ಕಲಬುರಗಿಯಲ್ಲಿ ತೊಗರಿ, ಹೆಸರು, ಉದ್ದಿನ ಬಿತ್ತನೆ. ಜುಲೈ, ಆಗಸ್ಟ್‌ಗೆ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರೆ ಗಂಗಾವತಿ, ಸಿಂಧನೂರು ಕಡೆ ಭತ್ತದ ನಾಟಿ. ಹೆಂಗಸರು ಗುಂಪು ಕಟ್ಟಿಕೊಂಡು ಎಕರೆಗೆ ಇಷ್ಟು ಎಂದು ಗುತ್ತಿಗೆ ಹಿಡಿಯುವ ಕಾಲ ಅದು, ಆ ವಾರಗಳಲ್ಲಿ ಆಳು ಸಿಗುವುದೇ ಕಷ್ಟ. ಅದೇ ಹೊತ್ತಿಗೆ ಕರಾವಳಿಯಲ್ಲಿ ಇದಕ್ಕೆ ತದ್ವಿರುದ್ಧ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಮಂಗಳೂರಿನ ಬಂದರಿನಲ್ಲಿ ದೋಣಿಗಳು ಸಾಲಾಗಿ ಲಂಗರು ಹಾಕಿರುತ್ತವೆ. ಹೊರ ರಾಜ್ಯದ ಕೆಲಸಗಾರರು ಊರಿಗೆ ಹೋಗಿರುತ್ತಾರೆ. ಐಸ್ ಹೊಡೆಯುವವರು, ಮೀನು ಹೊರುವವರು, ಬಲೆ ಎಳೆಯುವವರು, ಮೀನು ಮಾರುವ ಹೆಂಗಸರು ಎಲ್ಲರ ಗಳಿಕೆ ಕುಗ್ಗಿರುತ್ತದೆ. ಬಲೆ ಹೆಣೆಯುವ ಒಂದಷ್ಟು ಕೆಲಸ ಮಾತ್ರ ನಡೆದಿರುತ್ತದೆ. ರಾಜ್ಯದ ಸರಾಸರಿಯಲ್ಲಿ ಸಿಂಧನೂರಿನ ನಾಟಿ ಮಲ್ಪೆಯ ರಜೆಯನ್ನು ಮುಚ್ಚಿಹಾಕುತ್ತದೆ.

ಅಕ್ಟೋಬರ್‌ನಿಂದ ರಾಯಚೂರಿನಲ್ಲಿ ಹತ್ತಿ ಬಿಡಿಸುವುದು, ದಸರಾ ದೀಪಾವಳಿಗೆ ಪೇಟೆಯ ಬಟ್ಟೆ ಅಂಗಡಿಗಳಿಗೂ ಗೋದಾಮುಗಳಿಗೂ ತಾತ್ಕಾಲಿಕ ಹುಡುಗರು. ನವೆಂಬರ್ ಹೊತ್ತಿಗೆ ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುತ್ತವೆ. ಮುಂಗಡ ಪಡೆದ ಗ್ಯಾಂಗುಗಳು ಎತ್ತಿನ ಗಾಡಿ, ಟ್ರ್ಯಾಕ್ಟರ್, ಮಕ್ಕಳು ಮರಿ ಸಮೇತ ಗದ್ದೆಯ ಪಕ್ಕದಲ್ಲಿ ಜೋಪಡಿ ಹಾಕಿಕೊಳ್ಳುತ್ತವೆ. ಚಿಕ್ಕಮಗಳೂರು, ಕೊಡಗಿನಲ್ಲಿ ಅರೇಬಿಕಾ ಕೊಯ್ಲು, ಜನವರಿಯಿಂದ ರೊಬಸ್ಟಾ. ತೊಗರಿ ರಾಶಿ ಡಿಸೆಂಬರ್, ಜನವರಿಗೆ. ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳು ಗುಡ್ಡ ಬೀಳುವುದು, ಹೆಂಗಸರು ಸಾಲಾಗಿ ಕುಳಿತು ತೊಟ್ಟು ಬಿಡಿಸುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಆಮೇಲೆ ಯುಗಾದಿ. ಯುಗಾದಿ ಕಳೆದರೆ ಒಣ ಬೇಸಾಯದ ಹಳ್ಳಿಯಲ್ಲಿ ಕೆಲಸ ಎಂಬುದು ಬತ್ತುತ್ತದೆ. 2025ರ ಏಪ್ರಿಲ್‌ನಲ್ಲಿ ಶೇ 5.1 ಇದ್ದ ದೇಶದ ದರ ಮೇ ತಿಂಗಳಲ್ಲಿ ಶೇ 5.6 ಆದದ್ದಕ್ಕೆ ಹಿಂಗಾರಿನ ಕೊಯ್ಲು ಮುಗಿದದ್ದು, ಬಿಸಿಲು ಏರಿದ್ದು ಕಾರಣವಾಗಿತ್ತು. ಗ್ರಾಮೀಣ ಭಾಗದಲ್ಲಿ ಶೇ 4.5 ಇದ್ದದ್ದು ಶೇ 5.1 ಆಯಿತು.

ಆದ್ದರಿಂದ ಮೇ ತಿಂಗಳನ್ನು ಏಪ್ರಿಲ್ ಜತೆ ಹೋಲಿಸಿ ಸರ್ಕಾರವನ್ನು ಹೊಗಳುವುದೂ ಬೇಡ, ತೆಗಳುವುದೂ ಬೇಡ. ಈ ಮೇ ತಿಂಗಳನ್ನು ಹೋದ ವರ್ಷದ ಮೇ ಜತೆ ಇಟ್ಟು ನೋಡಿ. ಋತುವಿನ ಪರಿಣಾಮವನ್ನು ಲೆಕ್ಕದಿಂದ ತೆಗೆದುಹಾಕುವ ವಿಧಾನಗಳಿವೆ, ಆದರೆ ಅದಕ್ಕೆ ಹಲವು ವರ್ಷಗಳ ತಿಂಗಳ ಸರಣಿ ಬೇಕು. ನಮ್ಮ ಸರಣಿ ಶುರುವಾದದ್ದೇ 2025ರ ಏಪ್ರಿಲ್‌ನಲ್ಲಿ.

ಗುಳೆ ಹೋದವರನ್ನು ಎಲ್ಲಿ ಎಣಿಸುತ್ತಾರೆ?

ಆರು ತಿಂಗಳಿಗಿಂತ ಕಡಿಮೆ ಅವಧಿಗೆ ಹೊರಗೆ ಹೋಗಿ ಬರುವವರನ್ನು ಊರಿನ ಮನೆಯ ಸದಸ್ಯರೆಂದೇ ಬರೆದುಕೊಳ್ಳುತ್ತಾರೆ. ಅಂದರೆ ಯಾದಗಿರಿ ಜಿಲ್ಲೆಯ ಹಳ್ಳಿಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದ ಮಗ, ಊರಿನಲ್ಲಿರುವ ಅವ್ವ ಹೇಳಿದ ಉತ್ತರದ ಮೂಲಕ ಹಳ್ಳಿಯ ಉದ್ಯೋಗಸ್ಥನಾಗುತ್ತಾನೆ. ಮಗ ದುಡಿಯುತ್ತಿರುವುದು ಬೆಂಗಳೂರಿನಲ್ಲಿ, ಅಂಕಿ ಸೇರುವುದು ಹಳ್ಳಿಯ ಖಾತೆಗೆ. ಇಡೀ ಮನೆಯೇ ಗುಳೆ ಹೋಗಿದ್ದರೆ ಬಾಗಿಲಿಗೆ ಬೀಗ, ಆಗ ಬೇರೆ ಮನೆಗೆ ಹೋಗಬೇಕಾಗುತ್ತದೆ. ಬೀಗ ಹಾಕಿದ ಮನೆಗಳ ಓಣಿಯಲ್ಲಿ ನಡೆದು ಹೋಗುವಾಗ ಆಗುವ ಸಂಕಟ ಬೇರೆಯೇ. ಕೆಲಸದ ಕೊರತೆ ಎಷ್ಟು ಎಂದು ಸಾರಿ ಹೇಳುವುದು ಆ ಮನೆಗಳೇ, ಪ್ರಶ್ನೆಗೆ ಉತ್ತರ ಕೊಡಲು ಅಲ್ಲಿ ಯಾರೂ ಇರುವುದಿಲ್ಲ. ಬಯಲಲ್ಲೇ ಬದುಕುವ ಮನೆಯಿಲ್ಲದವರು ಸಮೀಕ್ಷೆಗೆ ಸಿಗುವುದಿಲ್ಲ.

ಭವಿಷ್ಯನಿಧಿಯ ಅಂಕಿ ನೋಡಿದರೆ ರಾಜ್ಯದ ತಿಂಗಳ ಲೆಕ್ಕ ಸಿಗುವುದಿಲ್ಲವೇ?

ಅರ್ಧ ಸಿಗುತ್ತದೆ. 2018ರ ಏಪ್ರಿಲ್‌ನಿಂದ ಭವಿಷ್ಯನಿಧಿ (ಪಿಎಫ್) ಸಂಘಟನೆಯಾದ ಇಪಿಎಫ್‌ಒ ತಿಂಗಳು ತಿಂಗಳು ಅಂಕಿ ಕೊಡುತ್ತಿದೆ. ಹೊಸದಾಗಿ ಸೇರಿದವರು, ಬಿಟ್ಟು ಹೋದವರು, ಬಿಟ್ಟು ಮತ್ತೆ ಸೇರಿದವರು ಎಲ್ಲ ಕೂಡಿ ಕಳೆದು ನಿವ್ವಳ ಸಂಖ್ಯೆ. ರಾಜ್ಯವಾರು ಪಟ್ಟಿಯಲ್ಲಿ ಮಹಾರಾಷ್ಟ್ರದ ಹಿಂದೆ ತಮಿಳುನಾಡು, ಕರ್ನಾಟಕ ಮೊದಲಾದವು ಮುಂಚೂಣಿಯಲ್ಲೇ ಇರುತ್ತವೆ.

ಆದರೆ ಪಿಎಫ್ ಕಡ್ಡಾಯವಾಗಿ ಅನ್ವಯವಾಗುವುದು 20 ಮತ್ತು ಅದಕ್ಕಿಂತ ಹೆಚ್ಚು ಜನ ಇರುವ ಕಡೆ. 18 ಜನರ ಕಾರ್ಖಾನೆಗೆ ಇನ್ನಿಬ್ಬರು ಸೇರಿದರೆ ಇಪ್ಪತ್ತೂ ಜನ ಒಮ್ಮೆಲೇ ‘ಹೊಸಬ’ರಾಗಿ ಕಾಣಬಹುದು, ನಿಜಕ್ಕೂ ಹೊಸ ಕೆಲಸ ಎರಡೇ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮದುವೆಗೋ ಆಸ್ಪತ್ರೆ ಖರ್ಚಿಗೋ ಕೆಲಸ ಬಿಟ್ಟು ಪಿಎಫ್ ಬಿಡಿಸಿಕೊಂಡು ಮತ್ತೊಂದು ಕಾರ್ಖಾನೆಗೆ ಸೇರುತ್ತಾರೆ. ಆ ದುಡ್ಡು ಅವರಿಗೆ ಎಷ್ಟು ಮುಖ್ಯ ಎಂಬುದು 2016ರ ಏಪ್ರಿಲ್ 18, 19ರಂದು ನಾಡಿಗೇ ತಿಳಿಯಿತು. ಪಿಎಫ್ ಹಿಂಪಡೆಯಲು ನಿರ್ಬಂಧ ಹಾಕಿದ ನಿಯಮದ ವಿರುದ್ಧ ಬೆಂಗಳೂರಿನ ರಸ್ತೆಗಳಿಗೆ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಇಳಿದರು, ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಪಿಎಫ್ ಅಂಕಿಯನ್ನು ‘ಇಷ್ಟು ಲಕ್ಷ ಉದ್ಯೋಗ ಸೃಷ್ಟಿ’ ಎಂದು ಓದದೆ, ‘ಇಷ್ಟು ಜನ ಪಿಎಫ್ ವ್ಯಾಪ್ತಿಗೆ ಬಂದರು’ ಎಂದು ಓದಿದರೆ ಸರಿ. ಮೊದಲು ಬರುವ ಅಂಕಿ ತಾತ್ಕಾಲಿಕ, ಮುಂದಿನ ತಿಂಗಳುಗಳಲ್ಲಿ ಅದು ಬದಲಾಗುತ್ತದೆ ಎಂಬುದೂ ನೆನಪಿರಲಿ.

ಉದ್ಯೋಗ ಖಾತ್ರಿಯ ಅಂಕಿಯಿಂದ ಏನು ತಿಳಿಯುತ್ತದೆ?

ಹಳ್ಳಿಯ ಮಟ್ಟಿಗೆ ಇದಕ್ಕಿಂತ ಹತ್ತಿರದ ಅಂಕಿ ಇಲ್ಲ. ಗ್ರಾಮ ಪಂಚಾಯ್ತಿವಾರು, ತಿಂಗಳವಾರು ಎಷ್ಟು ಮನೆಯವರು ಕೆಲಸ ಕೇಳಿದರು, ಎಷ್ಟು ಮಂದಿಗೆ ಸಿಕ್ಕಿತು, ಎಷ್ಟು ಮಾನವ ದಿನಗಳಾದವು ಎಂದು ಯಾರು ಬೇಕಾದರೂ ನೋಡಬಹುದು. ಏಪ್ರಿಲ್‌ನಿಂದ ಜೂನ್ ತನಕ ಬೇಡಿಕೆ ಏರುತ್ತದೆ, ಸುಗ್ಗಿಯಲ್ಲಿ ಇಳಿಯುತ್ತದೆ. ಬರ ಬಿದ್ದರೆ ಈ ಪಂಚಾಂಗವೇ ತಲೆಕೆಳಗು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗ, ಖಾತ್ರಿ ದಿನಗಳನ್ನು 100ರಿಂದ 150ಕ್ಕೆ ಏರಿಸಿ ಎಂದು ರಾಜ್ಯ ಕೇಂದ್ರವನ್ನು ಕೇಳಿತ್ತು.

ಒಂದು ಎಚ್ಚರಿಕೆ: ಕೆಲಸ ಕೇಳಿದವರೆಲ್ಲರ ಬೇಡಿಕೆ ದಾಖಲಾಗುವುದಿಲ್ಲ. ಕೆಲಸ ಕೇಳುವ ಅರ್ಜಿಯಾದ ನಮೂನೆ 6 ಕೊಟ್ಟು ಸ್ವೀಕೃತಿ ಪಡೆದರೆ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲವೇ ನಿರುದ್ಯೋಗ ಭತ್ಯೆ ಕೊಡಬೇಕು ಎಂದು 2005ರ ಕಾಯ್ದೆ ಹೇಳಿತ್ತು. ಅದಕ್ಕೇ ಸ್ವೀಕೃತಿ ಕೊಡಲು ಹಿಂದೇಟು. ‘ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ತೆಗೆದಾಗ ಹೇಳ್ತೀವಿ, ಹೋಗ್ರಿ’ ಎಂಬ ಬಾಯಿಮಾತಿನಲ್ಲಿ ಮುಗಿದ ಬೇಡಿಕೆ ಯಾವ ಕಂಪ್ಯೂಟರಿನಲ್ಲೂ ಇಲ್ಲ. 2025ರ ಏಪ್ರಿಲ್‌ನಿಂದ ಕರ್ನಾಟಕದ ಕೂಲಿ ದಿನಕ್ಕೆ ₹370 ಆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಬದಲಿಗೆ 125 ದಿನಗಳ ಹೊಸ ಕಾಯ್ದೆ ಅಂಗೀಕರಿಸಿತು. ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸುವ ಅವಕಾಶ ಅದರಲ್ಲಿದೆ. ಹೊಸ ಪದ್ಧತಿಯ ತಿಂಗಳುಗಳನ್ನು ಹಳೆಯ ತಿಂಗಳುಗಳ ಜತೆ ಹೋಲಿಸುವಾಗ ಈ ವ್ಯತ್ಯಾಸ ಮರೆಯಬಾರದು. ಕೆಲಸ ನಿಲ್ಲಿಸಿದ ತಿಂಗಳಲ್ಲಿ ಬೇಡಿಕೆ ಕಡಿಮೆ ಕಂಡರೆ ಜನರಿಗೆ ಕೆಲಸ ಬೇಡವಾಗಿತ್ತು ಎಂದು ಅರ್ಥವಲ್ಲ.

ಯುವನಿಧಿಗೆ ಅರ್ಜಿ ಹಾಕಿದವರ ಸಂಖ್ಯೆಯೇ ನಿರುದ್ಯೋಗಿಗಳ ಸಂಖ್ಯೆಯೇ?

ಅಲ್ಲ. ಪದವಿ, ಡಿಪ್ಲೊಮಾ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ ₹3,000 ಮತ್ತು ₹1,500, ಎರಡು ವರ್ಷದ ತನಕ. ನೋಂದಣಿ 2023ರ ಡಿಸೆಂಬರ್ 26ಕ್ಕೆ ಶುರುವಾಯಿತು, 2022-23ರಲ್ಲಿ ಪಾಸಾದವರಿಂದ ಆರಂಭಿಸಿದರು. ಪಿಯುಸಿಗೆ ನಿಲ್ಲಿಸಿದವರು, ಐದು ವರ್ಷದ ಹಿಂದೆ ಪದವಿ ಮುಗಿಸಿದವರು ಇದರಲ್ಲಿಲ್ಲ. ಉದ್ಯೋಗ ವಿನಿಮಯ ಕೇಂದ್ರದ ಪಟ್ಟಿಯೂ ಹೀಗೆಯೇ: ಕೆಲಸ ಸಿಕ್ಕವರು ಹೆಸರು ತೆಗೆಸುವುದಿಲ್ಲ, ಕೆಲಸ ಇಲ್ಲದ ಅನೇಕರು ಹೆಸರು ಬರೆಸುವುದೇ ಇಲ್ಲ.

ಯುವಕರಲ್ಲಿ ನಿರುದ್ಯೋಗ ಏಕೆ ಇಷ್ಟು ಹೆಚ್ಚು?

15ರಿಂದ 29 ವಯಸ್ಸಿನವರಲ್ಲಿ ದೇಶದ ದರ 2025ರ ಏಪ್ರಿಲ್‌ನಲ್ಲಿ ಶೇ 13.8, ಮೇ ತಿಂಗಳಲ್ಲಿ ಶೇ 15. ಓದಿದ ಮಕ್ಕಳು ಓದಿಗೆ ತಕ್ಕ ಕೆಲಸಕ್ಕೆ ಕಾಯುತ್ತಾರೆ, ಕಾಯಬೇಕು ಕೂಡ. ಧಾರವಾಡದ, ಬೆಂಗಳೂರಿನ ವಿಜಯನಗರದ ಕೋಚಿಂಗ್ ಕೇಂದ್ರಗಳ ಸುತ್ತ ಪಿಜಿ ಕೋಣೆಗಳಲ್ಲಿ ಪಿಡಿಒ, ಪಿಎಸ್‌ಐ, ಕೆಎಎಸ್ ಎಂದು ವರ್ಷಗಟ್ಟಲೆ ಓದುತ್ತಿರುವವರನ್ನು ನೋಡಿ. ಅವರಲ್ಲಿ ‘ವಿದ್ಯಾರ್ಥಿ’ ಎಂದು ಹೇಳಿಕೊಂಡವರು ಪಡೆಯ ಹೊರಗೆ, ‘ಕೆಲಸ ಹುಡುಕುತ್ತಿದ್ದೇನೆ’ ಎಂದವರು ನಿರುದ್ಯೋಗಿಗಳು. ಅಧಿಸೂಚನೆ ತಡವಾದ ಪ್ರತಿ ತಿಂಗಳೂ ಅವರ ವಯೋಮಿತಿ ಕರಗುತ್ತಿರುತ್ತದೆ. ಅದನ್ನು ಅಳೆಯುವ ಅಂಕಿ ಯಾವ ಮಾಸಿಕ ವರದಿಯಲ್ಲೂ ಬರುವುದಿಲ್ಲ, ಬರಬೇಕು ಎಂಬುದು ನನ್ನ ಬಹುದಿನದ ಒತ್ತಾಯ.

ಡೆಲಿವರಿ ಹುಡುಗರು, ಆ್ಯಪ್ ಕ್ಯಾಬ್ ಚಾಲಕರು ಯಾವ ಲೆಕ್ಕದಲ್ಲಿ?

ಉದ್ಯೋಗಸ್ಥರ ಲೆಕ್ಕದಲ್ಲಿ. ದಿನಕ್ಕೆ ಹನ್ನೆರಡು ತಾಸು ಬೈಕ್ ಮೇಲಿದ್ದರೂ, ಎರಡೇ ತಾಸು ಆರ್ಡರ್ ಸಿಕ್ಕರೂ ಒಂದೇ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಪ್ರತ್ಯೇಕ ಕಾಯ್ದೆ ತಂದಿತು. ನೋಂದಣಿ ಸರಿಯಾಗಿ ನಡೆದರೆ ಮುಂದೆ ಅಲ್ಲಿಂದಲೇ ರಾಜ್ಯದ್ದೇ ಆದ ಒಂದು ತಿಂಗಳ ಅಂಕಿ ಹುಟ್ಟಬಹುದು.

ಖಾಸಗಿ ಸಂಸ್ಥೆಯ ಅಂಕಿ ಸರ್ಕಾರದ್ದಕ್ಕಿಂತ ಏಕೆ ಬೇರೆ?

ಮುಂಬೈನ ಸಿಎಂಐಇ ಸಂಸ್ಥೆ 2016ರಿಂದ ತಿಂಗಳ ಅಂಕಿ ಕೊಡುತ್ತಿದೆ. ಲಾಕ್‌ಡೌನ್‌ನ 2020ರ ಏಪ್ರಿಲ್‌ನಲ್ಲಿ ಶೇ 23ರ ಆಸುಪಾಸಿಗೆ ಹೋದ ದರ ಅವರು ಕೊಟ್ಟದ್ದು. ಅವರು ಸಮೀಕ್ಷೆಯ ದಿನದ ಆಸುಪಾಸಿನ ಸ್ಥಿತಿ ಕೇಳುತ್ತಾರೆ, ಸರ್ಕಾರದ್ದು ಏಳು ದಿನದ ಪ್ರಶ್ನೆ. ಒಂದರ ಏರಿಳಿತವನ್ನು ಅದರದೇ ಹಿಂದಿನ ತಿಂಗಳುಗಳ ಜತೆ ನೋಡಿ, ಒಂದನ್ನು ಇನ್ನೊಂದರ ಜತೆ ಬೆರೆಸಬೇಡಿ.

ನಮ್ಮ ಮನೆಗೆ ಸಮೀಕ್ಷೆಯವರು ಬಂದರೆ ಏನು ಹೇಳಬೇಕು?

ಗುರುತಿನ ಚೀಟಿ ಕೇಳಿ, ನೋಡಿ. ಕೈಲಿ ಟ್ಯಾಬ್ ಇರುತ್ತದೆ. ನಿಮ್ಮ ಉತ್ತರದಿಂದ ರೇಷನ್ ಕಾರ್ಡಿಗೋ ಪಿಂಚಣಿಗೋ ತೊಂದರೆಯಾಗುವುದಿಲ್ಲ, ಮನೆಯ ಮಾಹಿತಿಯನ್ನು ಹೆಸರು ಸಹಿತ ಎಲ್ಲೂ ಪ್ರಕಟಿಸುವುದಿಲ್ಲ. ನಾಲ್ಕು ಸಲ ಬರುತ್ತಾರೆ, ಮೂರನೆಯ ಸಲ ‘ಮತ್ತೆ ಯಾಕೆ ಬಂದ್ರಿ’ ಎಂದು ಬೇಸರ ಮಾಡಿಕೊಳ್ಳಬೇಡಿ. ತಿಂಗಳಿಂದ ತಿಂಗಳಿಗೆ ಏನು ಬದಲಾಯಿತು ಎಂದು ತಿಳಿಯುವುದೇ ಆ ಭೇಟಿಯ ಉದ್ದೇಶ. ಕಳೆದ ಏಳು ದಿನದಲ್ಲಿ ಯಾವ ದಿನ ಕೆಲಸ ಇತ್ತು, ಯಾವ ದಿನ ಇರಲಿಲ್ಲ, ಎಷ್ಟು ತಾಸು ಎಂದು ನೆನಪು ಮಾಡಿಕೊಂಡು ಹೇಳಿ. ಹೆಂಗಸರು ಮನೆಯಲ್ಲಿದ್ದರೆ ಅವರನ್ನೇ ಕರೆದು ಕೂರಿಸಿ, ಅವರ ಕೆಲಸವನ್ನು ಅವರೇ ಹೇಳಲಿ.